ವಾಟ ಯಾರದು?

ಐದು ನಿಮಿಷದ ಕೆಲಸಕ್ಕೆ ಹೋದರೆ ಒಂದು ತಾಸು ಬಿಟ್ಟು ಬರುವ ಹೆಂಗಸು ನಾನು ಎಂಬ ದೂರು ನಮ್ಮ ಮನೆಯಲ್ಲಿ ಹಳೆಯದು. ಒಪ್ಪುತ್ತೇನೆ. ಆದರೆ ತಪ್ಪು ನನ್ನದಲ್ಲ, ಹಾದಿಯದು. ಮಹಾರಾಷ್ಟ್ರದ ಗಡಿಯ ಜತ್ತದಲ್ಲಿ ಗೌರಕ್ಕನ ಮನೆ ಮುಂದೆ, ನಮ್ಮದು ಹಿಂದೆ. ಅವಳ ಅಡುಗೆಮನೆಯ ಬಾಗಿಲಿಗೆ ಹತ್ತಿಕೊಂಡೇ ನಮ್ಮ ಮನೆಗೆ ಬರುವ ಮಣ್ಣಿನ ಹಾದಿ. ಕೊತ್ತಂಬರಿ ತರಲು ಹೊರಟವಳನ್ನು ಆ ಬಾಗಿಲು ಸುಮ್ಮನೆ ಬಿಡುತ್ತಿರಲಿಲ್ಲ. "ಬಾರವಾ ಶೋಭಾ, ಕುಂದರು. ಚಾ ಕುದ್ಯಾಕತ್ತೈತಿ" ಎಂಬ ದನಿ ಬರುತ್ತಿತ್ತು. ಒಲೆ ಹೊತ್ತಿಸುವ ಮೊದಲೇ ಗೌರಕ್ಕನ ಚಹಾ ಕುದಿಯುತ್ತಿರುತ್ತದೆ ಎಂದು ಗೊತ್ತಿದ್ದೂ ಕುಳಿತುಬಿಡುತ್ತಿದ್ದೆ.

ನಮ್ಮವರೂ ಅವಳ ಯಜಮಾನರೂ ಗೆಳೆಯರು. ಕೂಡಿಯೇ ಜಾಗ ಕೊಂಡವರು. ಉತಾರದಲ್ಲಿ, ಅಂದರೆ ಜಾಗದ ಸರಕಾರಿ ಕಾಗದದಲ್ಲಿ, ಎರಡೂ ಹೆಸರು ಒಂದರ ಕೆಳಗೊಂದು ಇದ್ದವು. ಹೋದ ವರ್ಷ ಗೌರಕ್ಕನ ಮನೆಯ ಮೇಲೆ ಇನ್ನೊಂದು ಮಜಲು ಎತ್ತುವ ಮಾತು ಬಂತು. ಹಾಗಾದರೆ ಮೊದಲು ವಾಟಣಿ ಮಾಡಿಕೊಳ್ಳೋಣ ಎಂದರು ಗಂಡಸರಿಬ್ಬರೂ. ಪಾಲಿಗೆ ನಾವು ಹೇಳುವುದೇ ವಾಟಣಿ, ಮರಾಠಿಯಿಂದ ಬಂದು ನಮ್ಮಲ್ಲೇ ಉಳಿದ ಮಾತು. ಮನೆಗಳ ಪಾಲು ಸಲೀಸಾಗಿ ಆಯಿತು. ಆಮೇಲೆ ಹಾದಿಯ ಸರದಿ ಬಂತು ನೋಡಿ!

"ನಾವಷ್ಟ ಅಡ್ಡಾಡೂ ಹಾದಿ, ನಮ್ದು" ಎಂದರು ನಮ್ಮವರು.

"ನಮ್ಮ ಗ್ವಾಡಿಗಿ ಹತ್ತಿದ ಜಾಗಾ, ನಮ್ದು. ನೀವು ಅಡ್ಡಾಡ್ರಿ, ಯಾರ್ ಬ್ಯಾಡಂದಾರ?" ಎಂದರು ಅವರು.

ಆ 'ಯಾರ್ ಬ್ಯಾಡಂದಾರ' ನಮ್ಮವರಿಗೆ ಚುಚ್ಚಿತು. ಅಷ್ಟು ವರ್ಷ ಸ್ವಂತ ಹಾದಿಯಲ್ಲಿ ನಡೆದವರಿಗೆ ಒಮ್ಮೆಲೇ ಇನ್ನೊಬ್ಬರ ಅಪ್ಪಣೆಯ ಮೇಲೆ ನಡೆದಂತೆ ಆಯಿತು. ಮನೆ ಹಿಂದಿನ ಹಾಲಿನ ಡೇರಿಯ ಅಂಗಳದಿಂದ ಸುತ್ತಿ ಬರತೊಡಗಿದರು. ಗಂಡನ ಮಾನ ಹೆಂಡತಿಯ ಚಪ್ಪಲಿಯಲ್ಲೂ ಇರುತ್ತದೆಂದು ಕಾಣುತ್ತದೆ, ನಾನೂ ಸಗಣಿ ತುಳಿಯುತ್ತ ಅದೇ ಸುತ್ತುದಾರಿ ಹಿಡಿದೆ. ಹಾದಿಗಾಗಿ ಜಗಳಾಡಿ ಹಾದಿಯನ್ನೇ ಬಿಟ್ಟ ಜಾಣರು ನಾವು.

ಅಂದಿನಿಂದ ಕೊತ್ತಂಬರಿ ಬೇಗ ಮನೆ ಸೇರತೊಡಗಿತು. ನಮ್ಮವರು ಮೆಚ್ಚಿಕೊಂಡರು. ನನಗೋ, ಉಳಿದ ಆ ಹೊತ್ತನ್ನು ಎಲ್ಲಿಡಬೇಕೋ ತಿಳಿಯದು. ಸಂಜೆಯಾದರೆ ಗೌರಕ್ಕನ ಮನೆಯಲ್ಲಿ ಶುಂಠಿ ಕುಟ್ಟುವ ಸದ್ದು ಕೇಳುತ್ತಿತ್ತು. ಒಮ್ಮೆ ಕರೆಯಬಾರದೇ ಇವಳು ಎಂದು ಕಿವಿ ಅತ್ತಲೇ ಇರುತ್ತಿತ್ತು. ಅವಳು ಕರೆಯಲಿಲ್ಲ, ನಾನು ಹೋಗಲಿಲ್ಲ. ಚದರ ಅಡಿಗೆ ಇಷ್ಟು ಎಂದು ಬೆಲೆ ಕಟ್ಟುವ ಆ ನೆಲ ಯಾರಿಗಾದರೂ ಹೋಗಲಿ, ನನಗೆ ಗೌರಕ್ಕ ಬೇಕಾಗಿದ್ದಳು.

ಕಾಯುವುದಕ್ಕೆ ನಾವು ಹಾದಿ ನೋಡುವುದು ಎನ್ನುತ್ತೇವೆ. ಮರಾಠಿಯವರು ವಾಟ ನೋಡುತ್ತಾರೆ. ಅದೂ ಹಾದಿಯೇ. ಗಡಿಯ ಈ ಎರಡು ಭಾಷೆಗಳು ಬೇರೆಲ್ಲಿ ಕಿತ್ತಾಡಿದರೂ ಇದೊಂದರಲ್ಲಿ ರಾಜಿಯಾಗಿವೆ, ಹಾದಿಯಿಲ್ಲದೆ ಯಾರನ್ನೂ ಕಾಯಲು ಬರುವುದಿಲ್ಲ. ಮತ್ತೆ ವಾಟಣಿಯ ಹೊಟ್ಟೆಯಲ್ಲೂ ಒಂದು ವಾಟ ಕುಳಿತಿದೆಯಲ್ಲ! ಎರಡರ ಬೇರೂ ಬೇರೆ ಎಂದು ಪಂಡಿತರು ಹೇಳಬಹುದು. ಡೇರಿಯ ಸಗಣಿ ತುಳಿದವಳಿಗೆ ಎರಡೂ ಒಂದೇ ಬಳ್ಳಿಯ ಕಾಯಿ.

ಕೊನೆಗೆ ಜಾಗ ಅಳೆಯುವವರು ಬಂದರು. ಸಾಹೇಬರು ಮೇಲಿನ ಮರಾಠಿ ಸೀಮೆಯವರು, ಕನ್ನಡ ಬಾರದು. ಗೌರಕ್ಕ ವಿಜಯಪುರ ಕಡೆಯ ಹೆಣ್ಣು. ಇಷ್ಟು ವರ್ಷ ಇಲ್ಲಿ ಬಾಳಿದರೂ ಅವಳ ಮರಾಠಿ ಸಂತೆ ದಾಟಿಲ್ಲ, ಕಿವಿಯೂ ಈಚೆಗೆ ಮಂದ. ಸಾಹೇಬರು ಟೇಪು ಸುತ್ತುತ್ತ ಹಾದಿಯ ಕಡೆ ತಿರುಗಿ ಕೇಳಿದರು, "ಹೀ ವಾಟ್ ಕುಣಾಚಿ?"

ಈ ಹಾದಿ ಯಾರದು ಎಂದು ಅವರು ಕೇಳಿದ್ದು. ಗಂಡಸರಿಬ್ಬರೂ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಗೌರಕ್ಕ, ಯಾರ ವಾಟ ನೋಡುತ್ತೀ ಎಂದು ತನ್ನನ್ನೇ ಕೇಳಿದರು ಅಂದುಕೊಂಡು ನನ್ನ ಕಡೆ ಕೈ ಮಾಡಿದಳು.

"ಆಕೀದರಿ ಸಾಹೇಬ್ರ. ದಿನಾ ಸಂಜೀಕ ಇಲ್ಲೇ ಕುಂತು ಆಕೀ ವಾಟ ನೋಡ್ತೀನ್ರಿ. ಆಕಿ ಡೇರಿ ಕಡಿಂದ ಹೊಕ್ಕಾಳ."

ಸಾಹೇಬರಿಗೆ ತಿಳಿದದ್ದು ಚಾಚಿದ ಕೈಯೊಂದೇ. ಬರೆದುಕೊಳ್ಳಲು ಪೆನ್ನು ತೆಗೆದರು. ಅವಳ ಯಜಮಾನರು ಹಣೆ ಚಚ್ಚಿಕೊಂಡರು. ನಮ್ಮವರು "ಒಪ್ಪಿದ್ರಲ್ಲಾ!" ಎಂದು ಕುಣಿಯುವುದೊಂದು ಬಾಕಿ. ನಾನು ಸುಮ್ಮನಿದ್ದಿದ್ದರೆ ಹಾದಿ ನಮ್ಮದಾಗುತ್ತಿತ್ತು. ಸುಮ್ಮನಿರಲು ಆಗಲಿಲ್ಲ, ಕಣ್ಣು ತುಂಬಿ ಬಂದಿತ್ತು. "ದೋಘಾಂಚಿ" ಎಂದೆ. ಇಬ್ಬರದೂ.

ಗಂಡಸರಿಬ್ಬರೂ ನನ್ನನ್ನು ನುಂಗುವಂತೆ ನೋಡಿದರು. ಆದರೆ ಒಬ್ಬರ ಹೆಂಡತಿ ಕೊಟ್ಟದ್ದನ್ನು ಇನ್ನೊಬ್ಬರ ಹೆಂಡತಿ ಹಂಚಿಕೊಂಡ ಮೇಲೆ ಸಾಹೇಬರ ಕಾಗದಕ್ಕೆ ಇಬ್ಬರೂ ಸಹಿ ಹಾಕಲೇಬೇಕಾಯಿತು. ಹಾದಿ ಇಬ್ಬರ ಹೆಸರಿನಲ್ಲೇ ಉಳಿಯಿತು. ಆ ಸಂಜೆ ಕೊತ್ತಂಬರಿ ಬೇಡವಾಗಿದ್ದರೂ ತರಲು ಹೋದೆ.

ಗಂಡಸರಿಬ್ಬರಲ್ಲಿ ಇನ್ನೂ ಮಾತಿಲ್ಲ. ನಮ್ಮವರು ಇವತ್ತಿಗೂ ಡೇರಿ ಸುತ್ತಿಯೇ ಬರುತ್ತಾರೆ. ಗೌರಕ್ಕನ ಯಜಮಾನರು ಸಂಜೆ ಕಟ್ಟೆಯ ಮೇಲೆ ಪೇಪರ್ ಹಿಡಿದು ಕುಳಿತಿರುತ್ತಾರೆ, ಕಣ್ಣು ಮಾತ್ರ ಪೇಪರಿನ ಮೇಲಿನಿಂದ ಹಾದಿಯ ಮೇಲೆ. ಕುಣಾಚಿ ವಾಟ್, ಯಾರ ಹಾದಿ ನೋಡುತ್ತೀರಿ ಎಂದು ನಾನು ಕೇಳುವುದಿಲ್ಲ. ಗೌರಕ್ಕ ಮಾತ್ರ ಚಹಾಕ್ಕೆ ನನ್ನದಲ್ಲದೆ ಇನ್ನೂ ಒಂದು ಕಪ್ ನೀರು ಹೆಚ್ಚಿಗೆ ಹಾಕುತ್ತಾಳೆ.