ಎತ್ತಿನ ಪಟದಲ್ಲೊಂದು ಕೈ

ದುದ್ದ ಊರಿನ ನಮ್ಮ ಮಾವನ ಪಡಸಾಲೆಯಲ್ಲಿ ಒಂದು ಫೋಟೋ ತೂಗುಹಾಕಿದೆ. ನಡುವೆ ಮಾವ, ತಲೆಗೆ ಜರಿ ಪೇಟ, ಎದೆಗವಚಿಕೊಂಡ ಬೆಳ್ಳಿ ಬಟ್ಟಲು. ಎಡಬಲಕ್ಕೆ ದನದ ಜಾತ್ರೆಯಲ್ಲಿ ಆ ಬಟ್ಟಲನ್ನು ಗೆದ್ದುಕೊಟ್ಟ ಜೋಡೆತ್ತು. ಹಿಂದೆ ಹಲ್ಲು ಕಿರಿದು ನಿಂತಿರುವವನು ನಾನು. ಆ ಎತ್ತುಗಳಿಗೆ ಹುಟ್ಟಿದಾರಭ್ಯ ಒಂದು ಹಿಡಿ ಹುಲ್ಲು ಹಾಕಿದವನಲ್ಲ. (ಕೋಟು ಕೂಡ ಪಕ್ಕದ ಮನೆಯದು.)

ಇನ್ನು ಅಂಚಿನಲ್ಲಿ, ಎತ್ತಿನ ಮೂತಿಯ ಪಕ್ಕ, ಮೂಗುದಾರ ಹಿಡಿದ ಒಂದು ಬಳೆ ಕೈ. ಬರೀ ಕೈ.

ಬಂದವರೆಲ್ಲ ಬಟ್ಟಲು ಬಿಟ್ಟು ಅದನ್ನೇ ಕೇಳುತ್ತಾರೆ. "ಗೌಡ್ರೇ, ಆ ಕೈ ಯಾರ್ದು?"

ಗೌಡರು ಹೇಳುವುದಿಲ್ಲ. ನಾನು ಹೇಳುತ್ತೇನೆ.

ಮಂಡ್ಯದಿಂದ ಫೋಟೋದವರು ಬಂದ ದಿನ ನಮ್ಮ ಅತ್ತೆ ಪೆಟ್ಟಿಗೆಯಿಂದ ಧಾರೆ ಸೀರೆ ತೆಗೆದು ಉಟ್ಟು, ಹೂ ಮುಡಿದು ಹೊಸಿಲು ದಾಟಿ ಬಂದರು. ಮದುವೆಯಾದಾಗಿನಿಂದ ಗಂಡ ಹೆಂಡತಿ ಜೊತೆಗಿರುವ ಒಂದೇ ಒಂದು ಫೋಟೋ ಇಲ್ಲ. ಅಷ್ಟೇ ಆಸೆ.

ಮಾವ ಮೇಲಿಂದ ಕೆಳಕ್ಕೆ ನೋಡಿದರು. "ಇದ್ಯಾಕಮ್ಮಿ ಧಾರೆ ಸೀರೆ? ಪಟ ತೆಗೀತಿರೋದು ಎತ್ತಿಂದು ಕಣಮ್ಮಿ!"

ಅತ್ತೆ ಒಳಗೆ ಹೋಗಿ ಧಾರೆ ಸೀರೆಯನ್ನು ಮತ್ತೆ ಪೆಟ್ಟಿಗೆಗೆ ಸೇರಿಸಿದರು.

ಇತ್ತ ಫೋಟೋದವರು ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ತೂರಿಸಿದ್ದೇ ತಡ, ಎತ್ತು ಬೆದರಿದವು. ಮಾವ ಗದರಿಸಿದರು. ಮೈ ಸವರಿದರು. ಬಟ್ಟಲನ್ನೂ ತೋರಿಸಿದರು. (ಬೆಳ್ಳಿಗೆ ಬಗ್ಗಲು ಎತ್ತೇನು ಮನುಷ್ಯನೇ?) ಕೊನೆಗೆ ಕೂಗಿದರು: "ಅಮ್ಮೀ, ಬಾ ಇಲ್ಲಿ! ಇದ್ನ ಇಡ್ಕೊ. ಪಟದೊಳೀಕೆ ಮಾತ್ರ ಬರಬ್ಯಾಡ, ಅತ್ತಗೆ ನಿಂತ್ಕೊ."

ಅತ್ತೆ ಕೊಟ್ಟಿಗೆಯ ಸೀರೆಯಲ್ಲಿ ಬಂದು ಮೂಗುದಾರ ಹಿಡಿದರು. ಕರುಗಳಾಗಿದ್ದಾಗಿನಿಂದ ತಿನ್ನಿಸಿದ ಕೈ. ಎತ್ತು ತಪಸ್ಸಿಗೆ ನಿಂತಂತೆ ನಿಂತವು. ಫೋಟೋ ಆಯಿತು.

ಮಂಡ್ಯದಿಂದ ಪಟ ಅಚ್ಚಾಗಿ ಬಂದಾಗ ಅಂಚಿನಲ್ಲಿ ಕೈ ಕಂಡು ಮಾವ ಕೆರಳಿದರು. ಕತ್ತರಿಸೋಣವೆಂದರೆ ಎತ್ತಿನ ಮೂತಿಯೂ ಹೋಗುತ್ತದೆ! "ಇನ್ನೊಂದು ತೆಗೆಸಾನ ಬುಡು. ಈ ಸಲ ಕೈ ಬೀಳ್ದಂಗೆ ಮೂಗುದಾರಕ್ಕೆ ಉದ್ದನ್ ಅಗ್ಗ ತತ್ತೀನಿ" ಅಂದರು, ಅತ್ತೆಯ ಎದುರಿಗೇ.

ಮರುದಿನ ಅತ್ತೆ ಮಳವಳ್ಳಿಯ ತವರಿಗೆ ಹೊರಟುಹೋದರು.

ಎತ್ತು ಮೇವು ಮುಟ್ಟಲಿಲ್ಲ. ಹುರುಳಿ ಬೇಯಿಸಿಟ್ಟರೂ ಮೂಸಿ ಮುಖ ತಿರುಗಿಸಿದವು. ಮಾವ ನನ್ನನ್ನೂ ಎಳೆದುಕೊಂಡು ಮಳವಳ್ಳಿಗೆ ಹೊರಟರು. ಯುದ್ಧದ ದೆಸೆಯಿಂದ ಪೆಟ್ರೋಲಿಲ್ಲ, ಇದ್ದಿಲು ಉರಿಸಿ ಓಡಿಸುವ ಬಸ್ಸು. ಏರು ಬಂದಲ್ಲೆಲ್ಲ ಇಳಿದು ತಳ್ಳಬೇಕು. ಬೆಳ್ಳಿ ಬಟ್ಟಲಿನ ಒಡೆಯರೂ ಪೇಟ ಸಮೇತ ತಳ್ಳಿದರು.

ಅತ್ತೆಯ ತವರಿನ ಜಗಲಿಯಲ್ಲಿ ಕೂತು ಮಾವ ಗಂಟಲು ಸರಿಮಾಡಿಕೊಂಡರು. "ಎತ್ತು ಮೇವು ಬುಟ್ಟವೆ ಕಣಮ್ಮಿ."

"ಎತ್ತು ತಾನೆ? ನಿನ್ ಬೆಳ್ಳಿ ಬಟ್ಲಲ್ಲಿ ಆಕು, ತಿಂತವೆ."

"ಸೊರಗೋಗವೆ ಕಣಮ್ಮಿ, ನೋಡಕಾಗಕಿಲ್ಲ."

"ನನ್ ಕೈ ಪಟಕ್ಕೆ ಬ್ಯಾಡ, ಕೊಟ್ಗೆಗೆ ಮಾತ್ರ ಬೇಕಾ?"

ರೈತರ ಸಭೆಯಲ್ಲಿ ಕಬ್ಬಿನ ದರದ ಮಾತೆತ್ತಿದರೆ ನಿಲ್ಲಿಸಲು ಗಂಟೆ ಬಾರಿಸಬೇಕಾದ ಮನುಷ್ಯ! ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ನೆಲ ನೋಡಿದರು. ನೆಲಕ್ಕೇ ಹೇಳುವವರಂತೆ ಅಂದರು: "ನಾನೂ ಸರ್ಯಾಗಿ ಉಂಡಿಲ್ಲ. ನೀ ಇಲ್ದೆ ಮನೇಲಿ ಕೂರಾಕೇ ಆಗ್ತಿಲ್ಲ."

ಅತ್ತೆ ದಿಟ್ಟಿಸಿದರು. "ಇದ್ನ ಮೊದ್ಲೇ ಅನ್ನಾಕೆ ಏನಾಗಿತ್ತು ನಿಂಗೆ?" ಎಂದವರೇ ಬಟ್ಟೆ ಗಂಟು ತರಲು ಒಳಗೆ ಹೋದರು.

ನಾನು ಅಮಲ್ದಾರರ ಕೆಮ್ಮು, ಮೇಷ್ಟರ ಗದರಿಕೆ, ಏರಿನಲ್ಲಿ ಇದ್ದಿಲು ಬಸ್ಸಿನ ಏದುಸಿರು, ಎಲ್ಲವನ್ನೂ ಅನುಕರಿಸಿ ಚಪ್ಪಾಳೆ ಗಿಟ್ಟಿಸಿದವನು. ಮಾವನ ಕಬ್ಬಿನ ಭಾಷಣವಂತೂ ಬಾಯಿಪಾಠ. ಜಗಲಿಯ ಮೇಲಿನ ಆ "ನೀ ಇಲ್ದೆ" ಎನ್ನುವ ದನಿಯೊಂದು ಮಾತ್ರ ಬರುತ್ತಿಲ್ಲ. ನನ್ನ ಹೆಂಡತಿಯೆದುರು ಅಭ್ಯಾಸಕ್ಕೆ ನಿಂತೆ. "ಸಾರು ಆರಿಹೋಗ್ತದೆ" ಎನ್ನುವುದಷ್ಟೇ ನನ್ನ ಬಾಯಿಂದ ಹೊರಟಿತು.

ನಿಮ್ಮ ಮನೆಯ ಗಂಡಸರಿಗಾದರೂ ಆ ಮಾತು ಬರುತ್ತದೆಯೇ? ಒಮ್ಮೆ ಅವರ ಬಾಯಲ್ಲಿ ಅನ್ನಿಸಿ ನೋಡಿ.