ಹೊಸಬಾಳೆಯ ಕುರಿದೊಡ್ಡಿಗೆ ಬ್ಯಾಟರಿ ಒಯ್ದದ್ದು

ಶಿಕಾರಿಪುರದಲ್ಲಿ ಬೆಳಗಿನ ಖಾಸಗಿ ಬಸ್ಸು ಹತ್ತಿದಾಗ ಜನವರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಪಕ್ಕದ ಕಿಟಕಿಯನ್ನು ಮುಚ್ಚೋಣವೆಂದರೆ ಅದಕ್ಕೆ ಗಾಜೇ ಇರಲಿಲ್ಲ. ತೊಡೆಯ ಮೇಲೆ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಟಾರ್ಚಿಗೆ ಹಾಕುವ ಮೂರು ಲಿಥಿಯಂ ಬ್ಯಾಟರಿ, ಎರಡು ಬ್ಯಾಟರಿ ಒಟ್ಟಿಗೆ ಹಾಕಬಹುದಾದ ಒಂದು ಚಾರ್ಜರ್, ಬ್ಯಾಟರಿ ಎಷ್ಟು ಕರೆಂಟು ಕುಡಿಯಿತು, ಎಷ್ಟು ಕೊಟ್ಟಿತು ಎಂದು ತೋರಿಸುವ ಮೀಟರು. ನನ್ನದು ಎಲೆಕ್ಟ್ರಿಕಲ್ ಅಂಗಡಿ. ಅಂಗಡಿಗೆ ಬೀಗ ಹಾಕಿ ಸೊರಬದ ಕಡೆ ಹೊರಟದ್ದು ಅಕ್ಕನಿಗಾಗಿ.

ಅಕ್ಕ ಹಾಲಮ್ಮ, ಭಾವ ಬೀರಪ್ಪ ಕುರಿ ಸಾಕುವವರು. ಭತ್ತದ ಕೊಯ್ಲು ಮುಗಿದ ಮೇಲೆ ಸೊರಬದ ಗದ್ದೆಗಳಲ್ಲಿ ಒಂದಾದ ಮೇಲೊಂದರಂತೆ ರಾತ್ರಿ ಕುರಿ ನಿಲ್ಲಿಸುತ್ತಾರೆ. ಗದ್ದೆಗೆ ಗೊಬ್ಬರ, ಇವರಿಗೆ ಅಕ್ಕಿ. ಹಿಂದಿನ ವಾರ ಹೊಸಬಾಳೆಯಲ್ಲಿ ಬೆಳಗಿನ ಜಾವ ಟಾರ್ಚು ಆರಿಹೋಗಿ, ಆ ಕತ್ತಲಲ್ಲಿ ಚಿರತೆ ಒಂದು ಗಬ್ಬದ ಕುರಿಯನ್ನು ಎಳೆದುಕೊಂಡು ಹೋಗಿತ್ತು. ಅಂದಿನಿಂದ ಅಕ್ಕ ರಾತ್ರಿ ಕಣ್ಣು ಮುಚ್ಚಿರಲಿಲ್ಲ. "ಇನ್ನೊಂದು ಹೋದ್ರೆ ಅಷ್ಟೂ ಮಾರಿ ಊರಿಗೆ ಬಂದ್ಬಿಡ್ತೀನಿ ತಮ್ಮಾ" ಎಂದು ಫೋನಿನಲ್ಲಿ ಅತ್ತಳು. ಅಕ್ಕ ಸುಮ್ಮಸುಮ್ಮನೆ ಅಳುವವಳಲ್ಲ. ನನಗೆ ಭಯವಾಯಿತು.

ಶಿರಾಳಕೊಪ್ಪದಲ್ಲಿ ತಾಳಗುಂದದ ಹಿರಿಯರೊಬ್ಬರು ಹತ್ತಿ, ಮೆಕ್ಕೆಜೋಳದ ಚೀಲವನ್ನು ನನ್ನ ಕಾಲ ಮೇಲೆ ಒರಗಿಸಿ ಕುಳಿತರು. ಡಬ್ಬಿಯಲ್ಲೇನೆಂದು ಕೇಳಿದರು. ತೋರಿಸಿದೆ. ಎಷ್ಟು ಕರೆಂಟು ಹಿಡಿಯುತ್ತದೆ ಎಂಬ ಲೆಕ್ಕ ಒಂದರ ಮೇಲೆ ಒಂಬತ್ತು ಸಾವಿರದ ಒಂಬೈನೂರು ಎಂ.ಎ.ಎಚ್. ಎಂದಿತ್ತು, ಇನ್ನೊಂದರ ಮೇಲೆ ಮೂರೂವರೆ ಸಾವಿರ, ಮತ್ತೊಂದರ ಮೇಲೆ ಎರಡು ಸಾವಿರದ ಆರುನೂರು.

"ದೊಡ್ಡ ನಂಬರಿಂದೇ ಹಾಕ್ರಿ, ಮತ್ತೇನು ನೋಡಾದೈತೆ?" ಎಂದರು.

ನೋಡುವುದೇ ಇತ್ತು. ಭಾವ ಸಂತೆಯಲ್ಲಿ ಕೊಂಡಿದ್ದೂ ಆ ದೊಡ್ಡ ನಂಬರಿನದೇ. ನಾನೂ ಅಂಥದೊಂದನ್ನು ತಂದು ಅಂಗಡಿಯಲ್ಲಿ ಪರೀಕ್ಷಿಸಿದ್ದೆ. ಸಾವಿರ ದಾಟುವಷ್ಟರಲ್ಲಿ ಅದು ಮಲಗಿಬಿಟ್ಟಿತು. ಉಳಿದೆರಡು ಬರೆದ ಲೆಕ್ಕದ ಹತ್ತಿರಕ್ಕೆ ಬಂದವು. ಈ ಗಾತ್ರದ ಬ್ಯಾಟರಿಯಲ್ಲಿ ಮೂರೂವರೆ ಸಾವಿರಕ್ಕಿಂತ ಹೆಚ್ಚು ಹಿಡಿಸುವುದೇ ಕಷ್ಟ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ. ಇದನ್ನೆಲ್ಲ ಹೇಳುವಷ್ಟರಲ್ಲಿ ಹಿರಿಯರು ನಿದ್ದೆ ಹೋಗಿದ್ದರು.

ಸೊರಬದಲ್ಲಿ ಇಳಿದು ಅವಲಕ್ಕಿ ತಿಂದು, ಹೊಸಬಾಳೆಗೆ ಆಟೋ ಹಿಡಿದೆ. ಗದ್ದೆಯ ಬದುವಿನ ಮೇಲೆ ಭಾವ ನಿಂತಿದ್ದರು. ಕ್ಯಾಸನೂರಿನ ಕಡೆ ಮೇವು ಚೆನ್ನಾಗಿದೆಯಂತೆ, ಆದರೆ ಕಾಡಿನಂಚಿನ ಉಣ್ಣೆಹುಳಕ್ಕೆ, ಅದು ತರುವ ಮಂಗನಕಾಯಿಲೆಗೆ ಹೆದರಿ ಇತ್ತ ಬಂದಿದ್ದರು. ಅಕ್ಕನ ಕಣ್ಣು ಕೆಂಪಾಗಿ ಬಾತಿದ್ದವು. ರೊಟ್ಟಿ, ಚಟ್ನಿಪುಡಿ ಮುಂದಿಟ್ಟಳು.

ಊಟವಾದ ಮೇಲೆ ಭಾವನ ಒಂದು ಕೈಗೆ ಸಂತೆಯ ಬ್ಯಾಟರಿ, ಇನ್ನೊಂದಕ್ಕೆ ನನ್ನದು ಕೊಟ್ಟೆ. ಅಂಗೈಯಲ್ಲಿ ತೂಗಿದರು.

"ಸಂತೇದು ಹಗುರ ಐತಲ್ಲೋ!"

"ಅಲ್ಲ ಭಾವ, ಕುರಿ ಕೊಳ್ಳಾಗ ಬೆನ್ನಿಗೆ ಕೈ ಹಾಕಿ ಮಾಂಸ ನೋಡ್ತೀರಿ. ಇದಕ್ಯಾಕೆ ಬರೀ ನಂಬರು ನೋಡಿದ್ರಿ?"

"ಇದಕ್ಕೆ ಬೆನ್ನೆಲ್ಲೈತೋ?" ಎಂದು ಭಾವ ನಕ್ಕರು. ಅಕ್ಕ ಮಾತ್ರ ನಗಲಿಲ್ಲ.

ಅಂಗಡಿಯ ಪರೀಕ್ಷೆಯಲ್ಲಿ ಬರಿದಾಗಿದ್ದ ಎರಡು ಒಳ್ಳೆಯ ಬ್ಯಾಟರಿಗಳನ್ನೂ ಚಾರ್ಜರಿಗೆ ಹಾಕಿ ಪಂಪ್‌ಸೆಟ್ ಮನೆಯಲ್ಲಿ ಸಿಕ್ಕಿಸಿದೆ. ಗದ್ದೆಯ ಯಜಮಾನರು ಶಿವಲಿಂಗಪ್ಪ. ಕುರಿ ನಿಲ್ಲಿಸುವ ಮಾತಾಡುವಾಗ ಈಗ ಅಕ್ಕಿಯ ಜೊತೆಗೆ ಚಾರ್ಜಿಂಗೂ ಸೇರುತ್ತದೆ. ಮೊಬೈಲು, ಟಾರ್ಚು ಎರಡಕ್ಕೂ ಯಜಮಾನರದೇ ಕರೆಂಟು. "ಮೂರೂವರೆ ಸಾವಿರದ್ದು ನೋಡಕ್ಕ, ಇದೊಂದಿದ್ರೆ ಬೆಳಗಿನವರೆಗೂ ಚಿಂತಿಲ್ಲ" ಎಂದು ನಾನು ಎದೆಯುಬ್ಬಿಸಿದೆ.

ಮಧ್ಯಾಹ್ನ ಮೂರಕ್ಕೇ ಕರೆಂಟು ಹೋಯಿತು. ಚಾರ್ಜರಿನ ಎರಡೂ ದೀಪ ಇನ್ನೂ ಕೆಂಪಗಿದ್ದಾಗಲೇ ಹೋಯಿತು.

"ಮತ್ತೆ ಎಷ್ಟೊತ್ತಿಗೆ ಬರುತ್ತೆ?" ಎಂದು ಅಲ್ಲೇ ಇದ್ದ ಯಜಮಾನರನ್ನು ಕೇಳಿದೆ.

"ನಾಳೆನೇ ಮಾರಾಯ್ರೆ. ಪಂಪಿನ ಲೈನಲ್ವಾ, ಪಾಳಿ ಮೇಲೆ ನಾಲ್ಕು ತಾಸು ಕೊಡ್ತಾರೆ, ಅಷ್ಟೇ" ಎಂದರು ಶಿವಲಿಂಗಪ್ಪ. ಅವರ ಮನೆಗೆ ಒಯ್ದು ಚಾರ್ಜಿಗಿಡೋಣವೆಂದರೆ ಅದು ಅಲ್ಲಿಂದ ದೂರ, ಬೈಕೂ ರಿಪೇರಿಗೆ ಹೋಗಿತ್ತು.

ಮೀಟರು ನೋಡಿದೆ. ದೊಡ್ಡದೂ ಚಿಕ್ಕದೂ ಒಂದೇ ಸಮ, ಎರಡು ಸಾವಿರದಷ್ಟು ಕುಡಿದಿದ್ದವು. ಕೊಡ ದೊಡ್ಡದಾದರೇನು, ನಲ್ಲಿ ಬಿಟ್ಟಷ್ಟು ಹೊತ್ತೇ ನೀರು. ಅಂಗಡಿಯಲ್ಲಿ ಇಡೀ ದಿನ ಕರೆಂಟಿಟ್ಟುಕೊಂಡು ಪರೀಕ್ಷೆ ಮಾಡಿದ ನನಗೆ ಇದು ಹೊಳೆದೇ ಇರಲಿಲ್ಲ. ಇಲ್ಲಿ ದುಬಾರಿಯ ಒಂದಕ್ಕಿಂತ ಸಾಧಾರಣದ ಎರಡನ್ನು ಒಟ್ಟಿಗೆ ಚಾರ್ಜಿಗಿಡುವುದೇ ಮೇಲು. ಅಕ್ಕನ ಮುಖ ನೋಡಲು ನಾಚಿಕೆಯಾಯಿತು.

"ತುಂಬಿಲ್ವಾ?" ಎಂದಳು.

"ತುಂಬಿಲ್ಲಕ್ಕ. ಆದ್ರೆ ಎರಡೈತೆ. ಒಂದು ಮುಗಿದ ಮೇಲೆ ಇನ್ನೊಂದು ಹಾಕೋಣ. ಬೆಳಕು ಒಂದು ಹಂತ ಕಮ್ಮಿ ಇಟ್ರೆ ಸಾಕಾಗುತ್ತೆ."

ಬೆಳಕು ಕಡಿಮೆ ಮಾಡುವುದಕ್ಕೆ ಭಾವ ಸುಲಭಕ್ಕೆ ಒಪ್ಪಲಿಲ್ಲ. ಟಾರ್ಚೆಂದರೆ ಗದ್ದೆಯಾಚೆಯ ಮರದ ತುದಿಗೆ ಬಡಿಯಬೇಕು, ಇಲ್ಲದಿದ್ದರೆ ಅದು ಟಾರ್ಚೇ ಅಲ್ಲ ಎನ್ನುವವರು ಅವರು. "ಈ ಬೆಳಕಿಗೆ ಚಿರತೆ ನಗ್ತತೆ" ಎಂದು ಗೊಣಗಿದರು. ಪೂರ್ತಿ ಬೆಳಕಿಗೆ ಇಟ್ಟರೆ ಎರಡೂ ಸೇರಿ ನಡುರಾತ್ರಿ ದಾಟುವುದಿಲ್ಲ ಎಂದೆ. ಕೊನೆಗೆ ಒಪ್ಪಿ, ದೊಡ್ಡಿಯ ಸುತ್ತ ಕಟ್ಟಿದ ಬಲೆಯ ಮೂಲೆಗೆ ಕೋಲು ನೆಟ್ಟು, ಟಾರ್ಚನ್ನು ಕುರಿಗಳ ಮೇಲೆ ಬೀಳುವಂತೆ ಕಟ್ಟಿದರು. ಅಕ್ಕ ಅದರ ಬುಡದಲ್ಲೇ ಕಂಬಳಿ ಹೊದ್ದು ಕುಳಿತಳು. ನಾನೂ ಎಚ್ಚರವಿರುತ್ತೇನೆಂದು ಮಾತು ಕೊಟ್ಟೆ.

ಮಾತು ಕೊಟ್ಟವನು ಚೆನ್ನಾಗಿಯೇ ನಿದ್ದೆ ಹೊಡೆದೆ. ಎದ್ದಾಗ ಮೂಡಣ ಬೆಳ್ಳಗಾಗಿತ್ತು, ಗದ್ದೆಯ ಕೂಳೆಯ ಮೇಲೆಲ್ಲ ಇಬ್ಬನಿ. ಗಡಬಡಿಸಿ ದೊಡ್ಡಿ ನೋಡಿದೆ. ಕುರಿಗಳು ಮೈಗೆ ಮೈ ತಾಗಿಸಿ ಮೆಲುಕು ಹಾಕುತ್ತಿದ್ದವು. ಭಾವ ಒಂದೊಂದೇ ಎಣಿಸಿ ಮುಗಿಸಿದ್ದರು, ಎಲ್ಲವೂ ಇದ್ದವು. ಎರಡನೆಯ ಬ್ಯಾಟರಿಯಲ್ಲಿ ಟಾರ್ಚು ಇನ್ನೂ ಉರಿಯುತ್ತಿತ್ತು. ಕೋಲಿನ ಬುಡದಲ್ಲಿ ಅಕ್ಕ ಬಾಯಿ ತೆರೆದು ಗಾಢವಾಗಿ ಮಲಗಿದ್ದಳು.

ಬ್ಯಾಟರಿ ಸುಮ್ಮನೆ ಖರ್ಚಾಗುವುದೇಕೆಂದು ಟಾರ್ಚಿನತ್ತ ಕೈ ಚಾಚಿದೆ. ಭಾವ ನನ್ನ ಕೈ ಹಿಡಿದರು.

"ಬ್ಯಾಡ. ನಿಮ್ಮಕ್ಕ ಎದ್ದು ನೋಡ್ಲಿ."

ಬಿಸಿಲೇರಿತು. ಹಾಲಿನ ಕ್ಯಾನು ಹಿಡಿದು ಬದುವಿನ ಮೇಲೆ ಹೋಗುತ್ತಿದ್ದ ಶಿವಲಿಂಗಪ್ಪನವರು, "ಏನ್ರೀ ಇದು, ಹಗಲಲ್ಲೂ ದೀಪ?" ಎಂದು ಕೇಳಿದರು. ಭಾವ ಬಾಯಿಗೆ ಬೆರಳಿಟ್ಟು ತೋರಿಸಿದರು. ಅವರು ಅಕ್ಕನನ್ನು ನೋಡಿ, ಸದ್ದಿಲ್ಲದೆ ಹೊರಟುಹೋದರು. ನಾನು ಊರಿಗೆ ಹೋಗುವ ಏಳೂವರೆಯ ಬಸ್ಸು ಬಿಟ್ಟುಬಿಟ್ಟೆ.

ಅಕ್ಕ ದಿಗ್ಗನೆ ಎದ್ದಳು. ಮೊದಲು ಕುರಿಗಳನ್ನು ನೋಡಿದಳು, ಆಮೇಲೆ ಬಿಸಿಲಿನಲ್ಲಿ ಉರಿಯುತ್ತಿದ್ದ ಟಾರ್ಚನ್ನು, ಅದರ ಪಕ್ಕದಲ್ಲಿ ನಿಂತಿದ್ದ ಭಾವನನ್ನು.

"ಆರ್ಸ್ರಿ, ಸಾಕು" ಎಂದಳು. ಕಂಬಳಿ ಕೊಡವಿ ಮಡಚುತ್ತಾ, ಯಾರ ಮುಖವನ್ನೂ ನೋಡದೆ ಕೇಳಿದಳು:

"ಮುಂದಿನ ಗದ್ದೆ ಯಾರದು?"