ದತ್ತು ಕಾಕಾನ ದೆವ್ವದ ಚಾನೆಲ್

ಕತ್ತಲಾದ ಮೇಲೆ ಹಿತ್ತಲಿಗೆ ಹೋಗಬೇಕಾದರೆ ದತ್ತು ಕಾಕಾ ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು ಹೋಗುತ್ತಿದ್ದರು. ಐವತ್ತು ದಾಟಿದ, ದಪ್ಪ ಮೀಸೆಯ ಆಳು. ಹಲ್ಲಿ ಲೊಚಗುಟ್ಟಿದರೆ ಕುರ್ಚಿ ಬಿಟ್ಟು ಏಳುತ್ತಿದ್ದರು. ನಾನು ಎಷ್ಟು ನಕ್ಕರೂ ಅವರಿಗೆ ಸಿಟ್ಟು ಬರುತ್ತಿರಲಿಲ್ಲ. "ಹೆದರಿಕಿ ಇರಬೇಕವಾ. ತಾ ಹೆದರದಾಂವಗ ಇನ್ನೊಬ್ಬರನ್ನ ಹೆದರಸಾಕ ಬರೂದಿಲ್ಲ" ಅನ್ನುತ್ತಿದ್ದರು.

ಹುಬ್ಬಳ್ಳಿಯಲ್ಲಿ ನನ್ನ ಇಂಟರ್‌ನೆಟ್ ಸೆಂಟರ್‌ಗೆ ಹತ್ತಿಕೊಂಡೇ ಅವರ ಸ್ಟುಡಿಯೋ. ಮದುವೆ ವಿಡಿಯೋ ಅವರ ಹೊಟ್ಟೆಪಾಡು. ಅದಕ್ಕೂ ಮೊದಲು, ತೊಂಬತ್ತರ ದಶಕದಲ್ಲಿ, ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದರು. ದೆವ್ವದ ಸಿನಿಮಾ ಕೇಳಿದವರಿಗೆ ಕ್ಯಾಸೆಟ್ಟನ್ನು ಬೋರಲು ಮಾಡಿ ಕೊಡುತ್ತಿದ್ದರಂತೆ, ಮೇಲಿನ ಚಿತ್ರ ಕಣ್ಣಿಗೆ ಬೀಳಬಾರದೆಂದು. ಇಂಥ ಮನುಷ್ಯ ಮುಂದೆ ಊರವರ ನಿದ್ದೆಯನ್ನೆಲ್ಲ ಕೆಡಿಸಿದರು.

ಆಗಷ್ಟೇ ಯಾರು ಬೇಕಾದರೂ ಇಂಟರ್‌ನೆಟ್ಟಿಗೆ ವಿಡಿಯೋ ಹಾಕಬಹುದು ಅನ್ನುವ ಕಾಲ ಬಂದಿತ್ತು. ಕಾಕಾ ಒಂದು ಮಧ್ಯಾಹ್ನ ಬಂದು, ತಮ್ಮ ಅಜ್ಜಿ ಹೇಳಿದ ಬಾವಿಯ ದೆವ್ವದ ಕತೆಯನ್ನು ತಾವೇ ಹೇಳಿ ಚಿತ್ರೀಕರಿಸಿದ್ದನ್ನು ನನ್ನ ಮುಂದಿಟ್ಟರು. ಹಾಕುವುದೇನು ಸುಮ್ಮನೆ ಮಾತೇ? ಮುಕ್ಕಾಲು ಭಾಗ ಹೋಗುವಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು, ಮತ್ತೆ ಮೊದಲಿಂದ. ಚಾನೆಲ್‌ಗೆ 'ಹಿಂದ ನೋಡಬ್ಯಾಡ' ಅಂತ ಹೆಸರಿಟ್ಟರು. ಬಹಳ ದಿನ ಅದನ್ನು ನೋಡಿದವರು ನಾವಿಬ್ಬರೇ. ಆಮೇಲೆ ದುಬೈಯಿಂದ ಯಾರೋ "ನಿದ್ದೆ ಬರುತ್ತಿಲ್ಲ" ಎಂದು ಬರೆದರು. ಕಾಕಾ ಅದನ್ನು ನನ್ನಿಂದ ಮತ್ತೆ ಮತ್ತೆ ಓದಿಸಿದರು. "ಗುರ್ತ ಇಲ್ಲದಾಂವ ನನ್ನ ಮಾತಿಗೆ ಹೆದರ್ಯಾನ ನೋಡವಾ" ಎಂದು ಹಿಗ್ಗಿದರು. ಮಗ ಪಾಸಾದಾಗಲೂ ಅವರು ಅಷ್ಟು ಹಿಗ್ಗಿರಲಿಲ್ಲ.

ಅವರು ದೆವ್ವವನ್ನು ಎಂದೂ ತೋರಿಸಲಿಲ್ಲ. ಬಿಳಿ ಸೀರೆ, ಉದ್ದ ಕೂದಲು ಅಂದರೆ ಸಿಡುಕುತ್ತಿದ್ದರು. ಮದುವೆ ಮನೆಯಲ್ಲಿ ಕಲಿತ ಒಂದೇ ವಿದ್ಯೆ ಅವರದು. "ಮಂದಿ ಹೊರಗ ಹ್ವಾದ ಮ್ಯಾಲೂ ಕ್ಯಾಮೆರಾ ಬಂದ್ ಮಾಡಬಾರ್ದವಾ. ಖಾಲಿ ಬಾಗಲಾ ತೋರಿಸ್ಕೊಂತ ನಿಂದರಬೇಕು. ಇನ್ನೇನೋ ಬರತೈತಿ ಅಂತ ನೋಡಾವ್ರಿಗೆ ಅನಸ್ತೈತಿ." ಖರೆ ಹೇಳುತ್ತೇನೆ, ಆ ಖಾಲಿ ಬಾಗಿಲುಗಳನ್ನು ನೋಡಿ ಹಗಲಲ್ಲೇ ನನಗೆ ಬೆನ್ನು ತಣ್ಣಗಾಗುತ್ತಿತ್ತು. ಕಾಲೇಜು ಹುಡುಗರು ವಿಡಿಯೋ ಇಳಿಸಿಕೊಂಡು ಮೊಬೈಲಿಂದ ಮೊಬೈಲಿಗೆ ಹಂಚಿದರು. ನೋಡುವವರು ಸಾವಿರಾರು ಆದರು. ವಾರ ವಾರ ಹೊಸದು ಬೇಕು ಎಂದು ಗಂಟುಬಿದ್ದರು. ಕಾಕಾನ ಅಜ್ಜಿಯ ಕತೆಗಳು ಖಾಲಿಯಾದವು.

ಆಗ ಮಾಡಬಾರದ್ದನ್ನು ಮಾಡಿದರು. ರಾಯಾಪುರದ ಒಂದು ಮದುವೆಯ ಹಳೆಯ ಟೇಪಿನಲ್ಲಿ ಅವರಿಗೊಂದು ತುಣುಕು ಸಿಕ್ಕಿತ್ತು. ಎಲ್ಲರೂ ಊಟಕ್ಕೆಂದು ಹೊರಗೆ ಹೋಗಿದ್ದಾರೆ. ಕ್ಯಾಮೆರಾ ಒಳಕೋಣೆಯ ಬಾಗಿಲನ್ನು ನೋಡುತ್ತ ನಿಂತಿದೆ. ಗಾಳಿ ಇಲ್ಲ, ಪಕ್ಕದ ಕಿಟಕಿಯ ಪರದೆ ಅಲುಗುತ್ತಿಲ್ಲ. ಬಾಗಿಲು ಮೆಲ್ಲಗೆ ತಾನೇ ಮುಚ್ಚಿಕೊಳ್ಳುತ್ತದೆ. ಯಾಕೆ ಮುಚ್ಚಿತೆಂದು ಕಾಕಾಗೂ ಗೊತ್ತಿರಲಿಲ್ಲ. ಆವತ್ತೇ ಚಾನೆಲ್‌ಗೆ ಹಾಕಿಸಿದರು. ಅದು ಓಡಿದಂತೆ ಬೇರೆ ಯಾವುದೂ ಓಡಲಿಲ್ಲ.

ಒಂದು ಮುಂಜಾನೆ ಆ ಮನೆಯ ಯಜಮಾನಿ ನಿಂಗವ್ವ ನನ್ನ ಸೆಂಟರ್‌ಗೆ ಬಂದಳು. ಕಾಕಾ ಅಲ್ಲೇ ಇದ್ದರು. ಆಕೆ ಕೂಗಾಡಲಿಲ್ಲ. ಕಂಪ್ಯೂಟರ್ ಮುಂದೆ ನಿಂತು, "ಬಾಗಲದ ಮ್ಯಾಲ ಏನ್ ಬರದೈತಿ, ಓದ್ರಿ ದತ್ತಣ್ಣಾರ" ಅಂದಳು.

ನಮ್ಮ ಕಡೆ ಮದುವೆ ಮನೆಯ ಗೋಡೆಯ ಮೇಲೆ ಗಂಡು ಹೆಣ್ಣಿನ ಹೆಸರು ಬರೆಸುತ್ತಾರೆ. ನಾವು ಬಾಗಿಲು ಮುಚ್ಚುವುದನ್ನೇ ನೋಡುತ್ತಿದ್ದೆವು, ಮೇಲೆ ಕಣ್ಣೇ ಹಾಯಿಸಿರಲಿಲ್ಲ. ಬಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು: ಬಸವರಾಜ, ರೇಣುಕಾ. ನಿಂಗವ್ವನ ಮಗ, ಸೊಸೆ.

"ರೇಣುಕಾ ಹಡ್ಯಾಕ ಗರಗಕ್ಕ ತವರಮನಿಗೆ ಹೋಗ್ಯಾಳ್ರಿ. ಹೆಣ್ಣಕೂಸು ಹುಟ್ಟೈತಿ. ಕರ್ಕೊಂಡ ಬರಾಕ ಹ್ವಾದ್ರ, ಹಸೀ ಬಾಣಂತಿನ ದೆವ್ವದ ಮನಿಗೆ ಕಳಸೂದಿಲ್ಲ ಅಂತಾರ. ಮೊಮ್ಮಗಳ ಮಾರಿ ನೋಡಿ ಸಂಜಿಮುಂದ ಬಸ್ ಹತ್ತಿ ಹೊಳ್ಳಿ ಬರಾಕತ್ತೇನಿ ನಾ."

ಕಾಕಾ ಆ ವಿಡಿಯೋವನ್ನು ಅಲ್ಲೇ ತೆಗೆಸಿದರು. ಅದರಿಂದ ಇನ್ನೂ ಕೆಟ್ಟಿತು. ಎಲ್ಲರ ಮೊಬೈಲಿನಲ್ಲೂ ಅದಿತ್ತು. "ತಗದಾರ ಅಂದ್ರ ಖರೇನ ಇರಬೇಕು" ಎಂದು ಗರಗದ ಬೀಗರು ಮತ್ತಷ್ಟು ಗಟ್ಟಿಯಾದರು. ಬಸವರಾಜ ಅದೇ ಕೋಣೆಯಲ್ಲಿ ಮಲಗಿ ತೋರಿಸಿದ. ಸ್ವಂತ ಮನೆ, ಇನ್ನೇನು ಹೇಳಿಯಾನು ಅಂದರು ಬೀಗರು.

ನಿಂಗವ್ವ ಮತ್ತೆ ಬಂದಳು. "ನೀವ ಬಂದ ಆ ಖೋಲ್ಯಾಗ ಇರ್ರಿ. ಒಬ್ಬರ. ಮದವಿ ದಿನಾ ಪಟಾಕಿ ಸಪ್ಪಳಕ್ಕ ನೀವು ಪೆಂಡಾಲ ಬಿಟ್ಟ ಓಡಿದ್ದನ್ನ ಗರಗದವ್ರೆಲ್ಲಾ ನೋಡ್ಯಾರ. ಧೈರ್ಯದಾಂವ ಇದ್ರ ಯಾರೂ ನಂಬೂದಿಲ್ಲ. ನೀವ ಇದ್ರ ನಂಬತಾರ."

ಕಾಕಾನ ಮುಖ ಬಿಳಚಿತು. ಮೀಸೆ ಸವರಿಕೊಂಡರು. "ಹಾಸಗಿ ತರ್ತೇನ್ರಿ" ಅಂದರು. ಆಟೋದಲ್ಲಿ ಅವರನ್ನು ಬಿಟ್ಟು ಬಂದವಳು ನಾನೇ.

ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ಸಂಕಟ. ರಾತ್ರಿಯೆಲ್ಲ ಆ ಕೋಣೆಯಲ್ಲಿ ಕಳೆದು, ಮುಂಜಾನೆ ಕಣ್ಣು ಕೆಂಪಗೆ ಮಾಡಿಕೊಂಡು ಸ್ಟುಡಿಯೋಗೆ ಬರುತ್ತಿದ್ದರು. ಅಂಗಿ ಸಡಿಲಾಯಿತು. ಚಾನೆಲ್‌ನಲ್ಲಿ ಜನ ಹೊಸ ವಿಡಿಯೋ ಎಲ್ಲಿ ಎಂದು ಕೇಳಿದರು, ಬೈದರು, ಒಬ್ಬೊಬ್ಬರೇ ಬಿಟ್ಟುಹೋದರು. ಕಾಕಾ ಅದರತ್ತ ತಿರುಗಿಯೂ ನೋಡಲಿಲ್ಲ. "ಸಾಕು ಬಿಡ್ರಿ ಕಾಕಾ, ಜೀವಕ್ಕ ಏನರ ಆದ್ರ?" ಎಂದು ನಾನೇ ರೇಗಿದೆ. "ಕೂಸು ಬರ್ಲಿ ತಡಿಯವಾ" ಅಂದರು. ಇನ್ನೂ ಬದುಕಿದ್ದಾರೋ ಇಲ್ಲವೋ ಎಂದು ರಾಯಾಪುರದ ಓಣಿಯವರು ದಿನಾ ಬೆಳಗ್ಗೆ ಇಣುಕಿ ನೋಡುತ್ತಿದ್ದರು. ಸುದ್ದಿ ಗರಗಕ್ಕೂ ಮುಟ್ಟುತ್ತಿತ್ತು.

ಕೊನೆಗೆ ರೇಣುಕಾಳ ಅಪ್ಪ ತಾನೇ ಬಂದ. ನಿಂಗವ್ವನ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಕಾಕಾನನ್ನು ಮೇಲಿಂದ ಕೆಳಗೆ ನೋಡಿದ. "ಈ ಮನಷ್ಯಾ ಇಷ್ಟ ದಿನಾ ಇದ್ದಾನಂದ್ರ ಒಳಗ ಏನೂ ಇಲ್ಲ ಬಿಡ್ರಿ" ಎಂದು ಜೋರಾಗಿ ನಕ್ಕ. ಅದೇ ವಾರ ತಾಯಿ ಮಗು ರಾಯಾಪುರಕ್ಕೆ ಬಂದರು. ನಿಂಗವ್ವ ಹೊಸ್ತಿಲಲ್ಲಿ ದೃಷ್ಟಿ ತೆಗೆದು ಮೊಮ್ಮಗಳನ್ನು ಎದೆಗವಚಿಕೊಂಡು ಒಳಗೆ ಹೋದಳು. ಕಾಕಾ ಹಾಸಿಗೆ ಸುತ್ತಿಕೊಂಡು ಹೊರಗೆ ಬಂದರು. ಮತ್ತೆಂದೂ ದೆವ್ವದ ವಿಡಿಯೋ ಮಾಡಲಿಲ್ಲ.

ಆ ಮಗು ಈಗ ಬೆಳೆದು ಕಾಲೇಜಿಗೆ ಹೋಗುತ್ತಿದೆ. ರಸ್ತೆ ಅಗಲ ಮಾಡುವಾಗ ಆ ಮನೆಯೂ ಹೋಯಿತು. ಇನ್ನು ಯಾರಿಗೂ ತೊಂದರೆಯಿಲ್ಲವೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಕಾಕಾನನ್ನು ಕೊನೆಯ ಸಲ ನೋಡಿದ್ದು ಆಸ್ಪತ್ರೆಯಲ್ಲಿ. ಅವರ ಹೆಂಡತಿ ನೀರು ತರಲು ಹೊರಗೆ ಹೋಗಿದ್ದಳು. ಬಹಳ ದಿನದಿಂದ ನಾಲಿಗೆ ತುದಿಯಲ್ಲಿದ್ದುದನ್ನು ಕೇಳಿಬಿಟ್ಟೆ: "ಕಾಕಾ, ಆ ಖೋಲ್ಯಾಗ ಖರೇನ ಏನೂ ಇರಲಿಲ್ಲೇನ್ರಿ?"

"ಕಣ್ಣ ತಗದ ನೋಡಿದಾವ್ರ್ಯಾರು? ಮುಸುಕು ಹಾಕ್ಕೊಂಡು ಗ್ವಾಡಿ ಕಡೆ ಮಾರಿ ಮಾಡಿ ಮಲಗತಿದ್ನಿ." ಸ್ವಲ್ಪ ಸುಧಾರಿಸಿಕೊಂಡರು. "ಬಾಗಲಾ ಮಾತ್ರ ದಿನಾ ಮುಚ್ಚತಿತ್ತವಾ. ನಾನ ಚಿಲಕಾ ಹಾಕಿ ಮಲಗಿದ್ರೂ ಮತ್ತ ತಗದು ಮುಚ್ಚಿದ ಸಪ್ಪಳ ಕೇಳತಿತ್ತು."

"ಮತ್ತ ಆವಾಗ ಯಾಕ ಹೇಳ್ಲಿಲ್ರಿ?"

"ನನ್ನಂಥಾ ಪುಕ್ಕಲಗ ಅದು ಏನೂ ಮಾಡ್ಲಿಲ್ಲ. ಕೂಸಿಗೇನ ಮಾಡೀತು?" ಅಂದರು ಕಾಕಾ. "ಹೇಳಿದ್ರ ಕೂಸು ಮನಿಗೆ ಬರತಿತ್ತೇನವಾ?"